ಸಹಾಯ ಬೇಕು: ಪೋರ್ಟ್ 80 ಇಲ್ಲದೆ ಉಚಿತ ಎಸ್‌ಎಸ್‌ಎಲ್ ಸರ್ಟಿಫಿಕೇಟ್

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಓಣಿಯ ನೇಕಾರರ ಸೀರೆಗಳಿಗಾಗಿ ಒಂದು ವೆಬ್‌ಸೈಟ್ ಮಾಡಿದ್ದೇನೆ. ಸರ್ವರ್ ಅಂಗಡಿಯಲ್ಲೇ ಇದೆ. ಅದರಲ್ಲಿ ಉಬುಂಟು, ಸೈಟ್ ಒದಗಿಸುವ ತಂತ್ರಾಂಶ ಎನ್‌ಜಿನ್‌ಎಕ್ಸ್.

ಸೈಟ್ ತೆರೆದರೆ ಬ್ರೌಸರ್ ‘ಸುರಕ್ಷಿತವಲ್ಲ’ ಅನ್ನುತ್ತದೆ. ಟೋಪಿ ತೆನೆ ಸೆರಗು ನೋಡಿ ಮೆಚ್ಚಿದವರೂ ವಿಳಾಸ, ಫೋನ್ ನಂಬರ್ ತುಂಬಲು ಹಿಂಜರಿಯುತ್ತಾರೆ. ಅದು ಸರಿಯೇ ಅಲ್ವಾ? ಗೂಢಲಿಪಿ ಇಲ್ಲದಿದ್ದರೆ ಆ ಮಾಹಿತಿಯನ್ನು ನಡುವೆ ಯಾರು ಬೇಕಾದರೂ ಓದಬಹುದು.

ಗೂಢಲಿಪಿಗೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಬೇಕು. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪಡೆಯಲು ಸರ್ಟ್‌ಬಾಟ್ ಎಂಬ ಪ್ರೋಗ್ರಾಂ ಓಡಿಸಿದೆ. ಡೊಮೇನ್ ನಮ್ಮದೇ ಎಂದು ಖಚಿತಪಡಿಸುವ ಎಚ್‌ಟಿಟಿಪಿ ಪರೀಕ್ಷೆ ಹೊರಗಿನಿಂದ ಪೋರ್ಟ್ 80ಕ್ಕೇ (ಸರ್ವರ್‌ನ ಸಾಮಾನ್ಯ ವೆಬ್ ಬಾಗಿಲಿಗೆ) ಬರುತ್ತದೆ. ನಮ್ಮ ಬ್ರಾಡ್‌ಬ್ಯಾಂಡ್‌ನವರು ಅದನ್ನು ಮುಚ್ಚಿದ್ದಾರೆ, ತೆರೆಯುವುದಿಲ್ಲ ಅಂದರು. ಸುರಕ್ಷಿತ ಸಂಪರ್ಕದ ಪೋರ್ಟ್ 443 ಮಾತ್ರ ತೆರೆದಿದೆ.

ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿನ ದಾಖಲೆಗಳಲ್ಲಿ) ಪರೀಕ್ಷೆಗಾಗಿ ಟಿಎಕ್ಸ್‌ಟಿ ಎಂಬ ಪಠ್ಯ ದಾಖಲೆ ಸೇರಿಸಿದರೂ ಸರ್ಟಿಫಿಕೇಟ್ ಸಿಗುತ್ತದೆ, ನಿಜ. ಆದರೆ ಪ್ರೋಗ್ರಾಂ ತಾನೇ ದಾಖಲೆ ಬದಲಿಸಲು ಬೇಕಾದ ಎಪಿಐ ಡೊಮೇನ್ ಕೊಟ್ಟವರಲ್ಲಿ ಇಲ್ಲ. 90 ದಿನದ ಸರ್ಟಿಫಿಕೇಟ್‌ಗೆ ಪ್ರತಿ ಸಲ ಕೈಯಾರೆ ದಾಖಲೆ ಬದಲಿಸಬೇಕು. ನಾನು ಊರಲ್ಲಿ ಇಲ್ಲದಾಗ ಅದರ ಅವಧಿ ಮುಗಿದರೆ ಸೈಟೇ ನಿಂತಂತೆ.

443ರಲ್ಲೇ ನಡೆಯುವ ಟಿಎಲ್‌ಎಸ್-ಎಎಲ್‌ಪಿಎನ್ ಎಂಬ ಇನ್ನೊಂದು ಪರೀಕ್ಷೆಯನ್ನು ಸರ್ಟ್‌ಬಾಟ್ ಮಾಡುವುದಿಲ್ಲ. ಎನ್‌ಜಿನ್‌ಎಕ್ಸ್ ಜೊತೆ ಅದನ್ನು ಯಾರಾದರೂ ನಡೆಸುತ್ತಿದ್ದೀರಾ? ಇಲ್ಲವೇ ಎನ್‌ಜಿನ್‌ಎಕ್ಸ್ ಬಿಟ್ಟು ಕ್ಯಾಡಿ ಎಂಬ ವೆಬ್ ಸರ್ವರ್‌ಗೆ ಬದಲಾಯಿಸುವುದು ಜಾಸ್ತಿ ಸುಲಭವೇ? ಡಿಎನ್‌ಎಸ್ ಅನ್ನೇ ಎಪಿಐ ಇರುವ ಕಡೆ ಸಾಗಿಸುವುದಕ್ಕೂ ನಾನು ತಯಾರು. ನೀವು ನಿಜವಾಗಿ ಬಳಸುತ್ತಿರುವ ಸೆಟ್ಟಿಂಗ್ ಹಾಕಿದರೆ ದೊಡ್ಡ ಉಪಕಾರ. ದೀಪಾವಳಿ ಆರ್ಡರ್ ಶುರುವಾಗುವ ಮೊದಲು ಇದು ಸರಿಯಾಗಬೇಕು.