ಕಲ್ಚರ್ ವರದಿಗೆ ಮೂರು ದಿನ ಕಾಯಲೇಬೇಕೇ?

ಮಂಡಕ್ಕಿ ಭಟ್ಟಿಯವನು, ದಾವಣಗೆರೆ

ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್. ಎರಡನೇ ಸುತ್ತಿನ ಕೀಮೋ ಮುಗಿದ ಹತ್ತನೇ ದಿನ ರಾತ್ರಿ ಜ್ವರ 102 ಮುಟ್ಟಿತು. ಬಿಳಿ ರಕ್ತಕಣಗಳು ನೆಲಕಚ್ಚಿದ್ದವು. ಆಸ್ಪತ್ರೆಯಲ್ಲಿ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಬಾಟಲಿಗಳಿಗೆ ರಕ್ತ ತೆಗೆದುಕೊಂಡು ಕೂಡಲೇ ಮೆರೊಪೆನೆಮ್ ಎಂಬ ಆ್ಯಂಟಿಬಯೋಟಿಕ್ ಶುರು ಮಾಡಿದರು. ಜ್ವರ ಜಗ್ಗಲಿಲ್ಲ. ಮೂರನೇ ದಿನ ವರದಿ ಬಂತು: ಕ್ಲೆಬ್ಸಿಯೆಲ್ಲಾ ಎಂಬ ರೋಗಾಣು, ಮೆರೊಪೆನೆಮ್ ಮುಂದೆ ‘ಆರ್’, ಅಂದರೆ ಆ ಔಷಧ ಅದಕ್ಕೆ ನಾಟದು. ಆ ಒಂದಕ್ಷರಕ್ಕೆ ಮೂರು ದಿನ! ಔಷಧ ಬದಲಿಸಿದ ಮೇಲೆ ಉಳಿದುಕೊಂಡಳು. ಮರಳು ಕಾದಿದೆಯೇ ಎಂದು ತಿಳಿಯಲು ನಾವು ಒಂದು ಹಿಡಿ ಅಕ್ಕಿ ಎಸೆದು ನೋಡುತ್ತೇವೆ. ರಕ್ತಕ್ಕೆ ಅಂಥ ಪರೀಕ್ಷೆ ಇಲ್ಲವೇ? ಸೋಮವಾರ ಮೂರನೇ ಸುತ್ತು.

ಲ್ಯಾಬ್‌ನವಳು, ಚಿತ್ರದುರ್ಗ

ಇದೆ, ಆದರೆ ಅಕ್ಕಿ ಎಸೆದಷ್ಟು ಬೇಗ ಅಲ್ಲ. ರಕ್ತದಲ್ಲಿ ರೋಗಾಣು ಬಹಳ ವಿರಳ, ಮೊದಲು ಬಾಟಲಿಯಲ್ಲಿ ಬೆಳೆಯಬೇಕು. ನಾವು ಬಳಸುವ ಬಾಟಲಿಯ ತಳದಲ್ಲೊಂದು ಬಿಲ್ಲೆಯಿದೆ. ರೋಗಾಣು ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ ಅದು ಹಳದಿಗೆ ತಿರುಗುತ್ತದೆ, ಯಂತ್ರ ಕೂಗುತ್ತದೆ. ಅಷ್ಟಕ್ಕೇ ಸಾಮಾನ್ಯವಾಗಿ ಅರ್ಧ ದಿನ, ಒಂದು ದಿನ. ಯಾವ ರೋಗಾಣು, ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ಹಳೆಯ ದಾರಿಯಲ್ಲಿ ಅಲ್ಲಿಂದ ಮುಂದೆ ಇನ್ನೂ ಒಂದೆರಡು ದಿನ. ರೋಗಾಣುವಿನ ಜೀನ್‌ಗಳನ್ನು ನೇರವಾಗಿ ಹುಡುಕುವ ಪಿಸಿಆರ್ ಪ್ಯಾನೆಲ್ ಇದ್ದರೆ, ಯಂತ್ರ ಕೂಗಿದ ಮೇಲೆ ಸುಮಾರು ಒಂದು ಗಂಟೆಯಲ್ಲಿ ಮೆರೊಪೆನೆಮ್‌ನಂಥ ಔಷಧ ನಾಟದಂತೆ ಮಾಡುವ ಎನ್‌ಡಿಎಂ, ಓಎಕ್ಸ್‌ಎ-48 ಮುಂತಾದ ಜೀನ್‌ಗಳು ಗೊತ್ತಾಗುತ್ತವೆ. ಯಾವ ಜೀನ್ ಎಂಬುದೇ ಮುಖ್ಯ. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಎಂಬ ಆ್ಯಂಟಿಬಯೋಟಿಕ್ ಓಎಕ್ಸ್‌ಎ-48ಕ್ಕೆ ನಾಟುತ್ತದೆ. ಎನ್‌ಡಿಎಂ ಎದುರು ಒಂಟಿಯಾಗಿ ಸೋಲುತ್ತದೆ, ಅಜ್ಟ್ರಿಯೋನಮ್ ಎಂಬ ಇನ್ನೊಂದು ಔಷಧ ಜೊತೆಗೆ ಬೇಕು. ಜೀನ್ ಕಾಣದಿದ್ದರೆ ಔಷಧ ನಾಟುತ್ತದೆಂದು ಅರ್ಥವಲ್ಲ. ಪ್ಯಾನೆಲ್ ಹುಡುಕಿದ್ದು ಸಿಗಲಿಲ್ಲ, ಅಷ್ಟೇ.

ಹುಡುಗನ ತಾಯಿ, ಹರಿಹರ

ಅಣ್ಣಾ, ನಿಮ್ಮ ಕೈಯಲ್ಲಿರುವ ಹಳೆಯ ವರದಿಗಿಂತ ವೇಗದ ಪರೀಕ್ಷೆ ಇಲ್ಲ. ಆ ರೋಗಾಣು ಕರುಳಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿರಬಹುದು. ನನ್ನ ಮಗನಿಗೆ ಪ್ರತಿ ಸುತ್ತಿಗೂ ಮೊದಲು ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಮಾದರಿ (ಸ್ವಾಬ್) ತೆಗೆದು ಅದು ಇದೆಯೇ ಎಂದು ನೋಡುತ್ತಾರೆ. ನಿಮ್ಮ ವೈದ್ಯರನ್ನೂ ಕೇಳಿ. ಒಮ್ಮೆ ವರದಿ ಮನೆಯಲ್ಲೇ ಬಿಟ್ಟು ಹೋಗಿ, ರಾತ್ರಿ ಪಾಳಿಯ ವೈದ್ಯರ ಮುಂದೆ ‘ಕ್ಲೆಬ್... ಕ್ಲೆಬ್...’ ಎಂದು ತೊದಲುತ್ತಾ ನಿಂತಿದ್ದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು.

ಮಂಡಕ್ಕಿ ಭಟ್ಟಿಯವನು

ವರದಿ ಸಿಕ್ಕಿತಮ್ಮಾ. ಅಕ್ಕಿ ಚೀಲದ ಲೆಕ್ಕದ ಪುಸ್ತಕದೊಳಗಿತ್ತು. ಸರಿಯಾಗಿ ಆ ‘ಆರ್’ ಇದ್ದಲ್ಲೇ ಮಡಿಕೆ ಬಿದ್ದು ಅಳಿಸಿದೆ. ಇನ್ನೊಂದು ಪ್ರತಿ ತರಲು ಹೊರಟಿದ್ದೇನೆ.