ರಾಥ್ ಕನ್ವರ್ಶನ್: ತೆರಿಗೆ ಕಟ್ಟಿದ ದುಡ್ಡಿಗೇ ಮತ್ತೆ 1,680 ಡಾಲರ್ ತೋರಿಸುತ್ತಿದೆ, ಎಲ್ಲಿ ತಪ್ಪಿದೆ?

ಡಲ್ಲಾಸ್_ಜೋಳದರೊಟ್ಟಿ:
ಎಲ್ಲರಿಗೂ ನಮಸ್ಕಾರ. ರಾತ್ರಿ ಹನ್ನೊಂದಾಯಿತು, ಟ್ಯಾಕ್ಸ್ ಸಾಫ್ಟ್‌ವೇರ್ ಮುಂದೆ ತಲೆ ಕೆರೆದುಕೊಂಡು ಕೂತಿದ್ದೇನೆ. ನಮ್ಮಿಬ್ಬರ ಸಂಬಳ ಸೇರಿದರೆ 2024ರ 2.4 ಲಕ್ಷ ಡಾಲರ್ ಗಡಿ ದಾಟುತ್ತದೆ, ಹಾಗಾಗಿ ರಾಥ್ ಐಆರ್‌ಎಗೆ (ತೆರಿಗೆ ಕಟ್ಟಿದ ದುಡ್ಡು ಹಾಕಿ, ನಿವೃತ್ತಿಯಲ್ಲಿ ತೆರಿಗೆ ಇಲ್ಲದೆ ತೆಗೆಯುವ ಅಮೆರಿಕದ ಖಾತೆ) ನೇರವಾಗಿ ಹಾಕುವಂತಿಲ್ಲ. ಆಫೀಸಿನ ಗೆಳೆಯನ ಮಾತು ಕೇಳಿ ಹಿಂಬಾಗಿಲಿನ ದಾರಿ ಹಿಡಿದೆ. ಜೂನ್‌ನಲ್ಲಿ ಟ್ರೆಡಿಷನಲ್ ಐಆರ್‌ಎಗೆ (ತೆಗೆಯುವಾಗ ತೆರಿಗೆ ಬೀಳುವ ಮಾಮೂಲಿ ನಿವೃತ್ತಿ ಖಾತೆ) 7,000 ಹಾಕಿದೆ. ಮೂರನೇ ದಿನ ಅಷ್ಟನ್ನೂ ರಾಥ್‌ಗೆ ಕನ್ವರ್ಟ್ ಮಾಡಿದೆ, ಅಂದರೆ ವರ್ಗಾಯಿಸಿದೆ. ಡಿಡಕ್ಷನ್ (ಆದಾಯದಿಂದ ಕಳೆಯುವ ರಿಯಾಯಿತಿ) ತಗೊಂಡಿಲ್ಲ. ಸಂಬಳಕ್ಕೆ ತೆರಿಗೆ ಕಟ್ಟಿ ಉಳಿದ ದುಡ್ಡೇ ಅದು.

ಈಗ ಬ್ರೋಕರೇಜ್‌ನಿಂದ 1099-ಆರ್ (ನಿವೃತ್ತಿ ಖಾತೆಯಿಂದ ಹೊರಬಂದ ದುಡ್ಡಿನ ವರದಿ) ಬಂದಿದೆ. ಬಾಕ್ಸ್ 1ರಲ್ಲಿ 7,000. ಬಾಕ್ಸ್ 2ಎ, ಅಂದರೆ ತೆರಿಗೆ ಬೀಳುವ ಮೊತ್ತ, ಅಲ್ಲೂ 7,000! ಬಾಕ್ಸ್ 7ರಲ್ಲಿ ಕೋಡ್ 2. ತುಂಬಿದ ಕೂಡಲೇ ತೆರಿಗೆ 1,680 ಡಾಲರ್ ಏರಿತು. ನಮ್ಮದು 24% ಸ್ಲ್ಯಾಬ್. ಬ್ರೋಕರೇಜ್‌ಗೆ ಫೋನ್ ಮಾಡಿ ಫಾರ್ಮ್ ತಿದ್ದಿಸಬೇಕಾ? ಕೋಡ್ 2 ಅಂದರೆ 10% ದಂಡವೂ ಬೀಳುತ್ತದಾ?

ಹಳೇ_ಲೆಕ್ಕಪುಸ್ತಕ:
ಫೋನ್ ಮಾಡಬೇಡಿ, ಫಾರ್ಮ್ ಸರಿಯಾಗಿಯೇ ಇದೆ. ಬಾಕ್ಸ್ 2ಬಿ ನೋಡಿ, ‘ತೆರಿಗೆ ಮೊತ್ತ ನಿರ್ಧರಿಸಿಲ್ಲ’ ಎನ್ನುವ ಚೌಕಕ್ಕೆ ಟಿಕ್ ಬಿದ್ದಿರುತ್ತದೆ. ನೀವು ಡಿಡಕ್ಷನ್ ತಗೊಂಡಿರೋ ಇಲ್ಲವೋ ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ಹೇಳಬೇಕಾದವರು ನೀವು. ಹೇಳುವ ಜಾಗ ಫಾರ್ಮ್ 8606.

ಕೋಡ್ 2ಕ್ಕೆ ಹೆದರಬೇಡಿ. ವಯಸ್ಸು 59½ ಆಗಿಲ್ಲ, ಆದರೂ ದಂಡದಿಂದ ವಿನಾಯಿತಿ ಇದೆ ಅಂತ ಅದರ ಅರ್ಥ. ಬಾಕ್ಸ್ 4, ಅಂದರೆ ಹಿಡಿದ ತೆರಿಗೆ, ಖಾಲಿ ಇದೆ ತಾನೆ? ಕನ್ವರ್ಶನ್ ದುಡ್ಡಿನಿಂದಲೇ ತೆರಿಗೆ ಹಿಡಿಸಿಕೊಂಡಿದ್ದರೆ, ಹಿಡಿದಷ್ಟು ದುಡ್ಡು ರಾಥ್‌ಗೆ ಹೋಗಿಲ್ಲ ಅಂತ ಲೆಕ್ಕ. ಅದಕ್ಕೆ ಮಾತ್ರ ದಂಡ ಬೀಳಬಹುದಿತ್ತು.

ಸಾಫ್ಟ್‌ವೇರ್‌ನಲ್ಲಿ ಈ ವಿಷಯವನ್ನು ಎರಡು ಕಡೆ ಹೇಳಬೇಕು. 1099-ಆರ್ ಆದಾಯದ ಕಡೆ. 7,000 ಹಾಕಿದ್ದು ಡಿಡಕ್ಷನ್‌ಗಳ ಕಡೆ. ಡಿಡಕ್ಷನ್ ಬೇಡದವರು ಆ ಕಡೆ ಯಾಕೆ ಹೋಗುತ್ತಾರೆ ಹೇಳಿ? ಅಲ್ಲೇ ಎಲ್ಲರೂ ಎಡವುವುದು. ಅಲ್ಲಿ ತುಂಬಿ, 8606ರ 1ನೇ ಸಾಲಿನಲ್ಲಿ 7,000 ಬಂತಾ ನೋಡಿ. ಮುಖ್ಯ ರಿಟರ್ನ್ ಫಾರ್ಮ್ 1040ರಲ್ಲಿ 4ಎ (ಒಟ್ಟು ಮೊತ್ತ) 7,000, 4ಬಿ (ತೆರಿಗೆ ಬೀಳುವ ಮೊತ್ತ) ಸೊನ್ನೆ ಆಗಬೇಕು.

ಡಲ್ಲಾಸ್_ಜೋಳದರೊಟ್ಟಿ:
ತುಂಬಿದೆ ಸರ್. ಬಾಕ್ಸ್ 4 ಖಾಲಿ, 1ನೇ ಸಾಲಿನಲ್ಲಿ 7,000 ಬಂತು. ಮಧ್ಯದಲ್ಲಿ ಅದೇನೋ ಡಿಸೆಂಬರ್ 31ರ ಬ್ಯಾಲೆನ್ಸ್ ಕೇಳಿತು, ಇನ್ನೊಂದು ಖಾತೆಯ 21,000 ಹಾಕಿದೆ. ಆದರೆ 4ಬಿಯಲ್ಲಿ ಸೊನ್ನೆ ಬರುವ ಬದಲು 5,250 ಬಂದಿದೆ. ತೆರಿಗೆ 1,260. ಬರೀ 420 ಇಳಿಯಿತು!

ಬೇಏರಿಯಾ_ಬಿಸಿಬೇಳೆ:
‘ಅದೇನೋ’ ಅಂದಿರಲ್ಲ, ವಿಷಯ ಇರುವುದೇ ಅಲ್ಲಿ. ಯಾವುದದು 21,000?

ಡಲ್ಲಾಸ್_ಜೋಳದರೊಟ್ಟಿ:
2019ರಲ್ಲಿ ಕಂಪನಿ ಬಿಟ್ಟಾಗ ಅಲ್ಲಿನ 401(ಕೆ) (ಕಂಪನಿಯ ನಿವೃತ್ತಿ ಖಾತೆ) ದುಡ್ಡನ್ನು ಸಾಗಿಸಿ ರೋಲ್‌ಓವರ್ ಐಆರ್‌ಎ ಮಾಡಿದ್ದೆ. ಅದು ಬೇರೆ ಬ್ರೋಕರೇಜ್‌ನಲ್ಲಿದೆ. ಆಮೇಲೆ ಅದನ್ನು ಮುಟ್ಟಿಯೇ ಇಲ್ಲ.

ಹಳೇ_ಲೆಕ್ಕಪುಸ್ತಕ:
ಬೇರೆ ಬ್ರೋಕರೇಜ್ ಇರಲಿ, ಬೇರೆ ಊರೇ ಇರಲಿ, ನಿಮ್ಮ ಹೆಸರಿನ ಎಲ್ಲಾ ಟ್ರೆಡಿಷನಲ್ ಐಆರ್‌ಎಗಳೂ ಐಆರ್‌ಎಸ್ (ತೆರಿಗೆ ಇಲಾಖೆ) ಕಣ್ಣಿಗೆ ಒಂದೇ ಪಾತ್ರೆ. ಸಣ್ಣ ಉದ್ಯಮಗಳ ಸೆಪ್, ಸಿಂಪಲ್ ಐಆರ್‌ಎ ಇದ್ದರೆ ಅವೂ ಸೇರುತ್ತವೆ. ಇದೇ ಪ್ರೊ-ರೇಟಾ, ಅಂದರೆ ಪಾಲಿನ ಲೆಕ್ಕ. ಹಾಲಿಗೆ ನೀರು ಬೆರೆತ ಮೇಲೆ ಬೇರೆ ಮಾಡಲು ಹಂಸವೇ ಬರಬೇಕು. 8606ಕ್ಕೆ ಆ ವಿದ್ಯೆ ಇಲ್ಲ.

ಸಾಲು ಸಾಲಾಗಿ ನೋಡಿ. 6ನೇ ಸಾಲು, ವರ್ಷದ ಕೊನೆಗೆ ಉಳಿದದ್ದು: 21,000. 8ನೇ ಸಾಲು, ಕನ್ವರ್ಟ್ ಮಾಡಿದ್ದು: 7,000. ಕೂಡಿದರೆ 9ನೇ ಸಾಲಿನಲ್ಲಿ 28,000. ಇದರಲ್ಲಿ ಮೊದಲೇ ತೆರಿಗೆ ಕಟ್ಟಿದ್ದು 7,000. ಅಂದರೆ 10ನೇ ಸಾಲಿನಲ್ಲಿ 0.250, ರೂಪಾಯಿಗೆ ನಾಲ್ಕಾಣೆ. ಹಾಗಾಗಿ ಕನ್ವರ್ಟ್ ಮಾಡಿದ 7,000ದಲ್ಲಿ 1,750ಕ್ಕೆ ಮಾತ್ರ ತೆರಿಗೆ ಇಲ್ಲ. ಮಿಕ್ಕ 5,250 18ನೇ ಸಾಲಿನಿಂದ 1040ಕ್ಕೆ ಹೋಗುತ್ತದೆ. ಸಾಫ್ಟ್‌ವೇರ್ ಈಗ ಹೇಳುತ್ತಿರುವುದು ಸರಿ.

ಡಲ್ಲಾಸ್_ಜೋಳದರೊಟ್ಟಿ:
ಅಯ್ಯೋ. ಗೆಳೆಯ ಇದೊಂದನ್ನು ಬಿಟ್ಟು ಎಲ್ಲಾ ಹೇಳಿದ್ದ. ಕನ್ವರ್ಶನ್ ವಾಪಸ್ ಮಾಡಬಹುದಾ?

ಹಳೇ_ಲೆಕ್ಕಪುಸ್ತಕ:
2017ರ ತನಕದ ಕನ್ವರ್ಶನ್‌ಗಳಿಗೆ ಆ ಸೌಕರ್ಯ ಇತ್ತು. 2018ರಿಂದ ತೆಗೆದುಬಿಟ್ಟರು. 2024ರ ಡಿಸೆಂಬರ್ 31 ಕೂಡ ಕಳೆದುಹೋಗಿದೆ, ಆ ದಿನದ ಬ್ಯಾಲೆನ್ಸ್ ಬದಲಾಗುವುದಿಲ್ಲ. 1,260 ಕಟ್ಟಲೇಬೇಕು. ಆದರೆ ಅದು ನೀರುಪಾಲಾಗಿಲ್ಲ. 14ನೇ ಸಾಲಿನಲ್ಲಿ 5,250 (ನೀವು ಹಾಕಿದ 7,000ದಲ್ಲಿ 1,750 ಕಳೆದು ಉಳಿದದ್ದು) ಇದೆ ಅಲ್ವಾ? ಅದು ನಿಮ್ಮ ಬೇಸಿಸ್, ಮುಂದೆ ತೆರಿಗೆ ಇಲ್ಲದೆ ಹೊರಬರಬೇಕಾದ ದುಡ್ಡು. ಮುಂದಿನ 8606ರ 2ನೇ ಸಾಲಿಗೆ ಅದನ್ನು ತಪ್ಪದೇ ಒಯ್ಯಿರಿ.

ಬೇಏರಿಯಾ_ಬಿಸಿಬೇಳೆ:
ನಾನೂ ಇದೇ ಗುಂಡಿಗೆ ಬೀಳುವುದರಲ್ಲಿದ್ದೆ. ಈಗಿನ ಕಂಪನಿಯ 401(ಕೆ) ಹೊರಗಿನ ರೋಲ್‌ಓವರ್ ತಗೊಳ್ಳುತ್ತದಾ ಎಚ್‌ಆರ್‌ನಲ್ಲಿ ಕೇಳಿ. ತಗೊಂಡರೆ 2025ರ ಡಿಸೆಂಬರ್ 31ರೊಳಗೆ ಆ 21,000 ಪೂರ್ತಿ ಅಲ್ಲಿಗೆ ಸಾಗಿಸಿ. 401(ಕೆ) ದುಡ್ಡು ಪ್ರೊ-ರೇಟಾ ಲೆಕ್ಕಕ್ಕೆ ಬರುವುದಿಲ್ಲ.

ಹಳೇ_ಲೆಕ್ಕಪುಸ್ತಕ:
ದಾರಿ ಸರಿ, ಆದರೆ ‘ಪೂರ್ತಿ’ ಅಲ್ಲ ಬಿಸಿಬೇಳೆಯವರೇ. ಆ 21,000ದೊಳಗೆ ಈಗ ಬೇಸಿಸ್ 5,250 ಸೇರಿಕೊಂಡಿದೆ. ತೆರಿಗೆ ಕಟ್ಟಿದ ಐಆರ್‌ಎ ದುಡ್ಡನ್ನು 401(ಕೆ)ಗೆ ಹಾಕುವಂತಿಲ್ಲ. ಸಾಗಿಸಬೇಕಾದ್ದು 15,750 ಮಾತ್ರ, ಜೊತೆಗೆ ಅಷ್ಟರೊಳಗೆ ಬೆಳೆದ ಲಾಭ. ಇಲ್ಲಿ ಕಾನೂನೇ ಹಂಸ ಆಗುತ್ತದೆ. 401(ಕೆ)ಗೆ ಹೋಗುವಾಗ ಮೊದಲು ತೆರಿಗೆ ಕಟ್ಟದ ದುಡ್ಡೇ ಹೋಯಿತು ಅಂತ ಲೆಕ್ಕ ಹಿಡಿಯುತ್ತಾರೆ. ಐಆರ್‌ಎಯಲ್ಲಿ ಉಳಿಯುವ 5,250ನ್ನು ಅದೇ ವರ್ಷ ರಾಥ್‌ಗೆ ಹಾಕಿದರೆ 4ಬಿ ಸೊನ್ನೆ.

ಬೇಏರಿಯಾ_ಬಿಸಿಬೇಳೆ:
ಹೌದು, ತಪ್ಪಾಯಿತು. ನನಗೆ ಹಳೇ ಬೇಸಿಸ್ ಇರಲಿಲ್ಲ, ಪೂರ್ತಿ ಕಳಿಸಿದ್ದೆ.

ಶಿಕಾಗೋ_ಚಳಿ:
ಮಧ್ಯೆ ಬಾಯಿ ಹಾಕುತ್ತೇನೆ. ನಾನು 2022ಕ್ಕೆ 6,000 ಹಾಕಿ ಸುಮ್ನೆ ಬಿಟ್ಟಿದ್ದೆ, ಡಿಡಕ್ಷನ್ ತಗೊಂಡಿಲ್ಲ, 8606 ಕಳಿಸಿಲ್ಲ. ಈಗ?

ಹಳೇ_ಲೆಕ್ಕಪುಸ್ತಕ:
2022ರ 8606 ತುಂಬಿ, ಸಹಿ ಹಾಕಿ, ಅದೊಂದನ್ನೇ ಅಂಚೆಯಲ್ಲಿ ಕಳಿಸಿ. ಬೇರೆ ಅಂಕಿ ಬದಲಾಗದಿದ್ದರೆ 1040-ಎಕ್ಸ್ (ತಿದ್ದುಪಡಿ ರಿಟರ್ನ್) ಬೇಡ. ಫೈಲ್ ಮಾಡದ್ದಕ್ಕೆ 50 ಡಾಲರ್ ದಂಡ ಇದೆ, ಸರಿಯಾದ ಕಾರಣ ಕೊಟ್ಟರೆ ಬಿಡುತ್ತಾರೆ. ಕಳಿಸದೇ ಬಿಟ್ಟರೆ 6,000ಕ್ಕೆ ಎರಡನೇ ಸಲ ತೆರಿಗೆ ಕಟ್ಟುವ ಹಾಗಾಗುತ್ತದೆ.

ಜೋಳದರೊಟ್ಟಿಯವರೇ, ನಿಮ್ಮ ಮನೆಯವರ ಹೆಸರಲ್ಲಿ ಐಆರ್‌ಎ ಇದೆಯಾ? ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೂ 8606 ಬೇರೆ ಬೇರೆ. ಅವರ ಪಾತ್ರೆ ಖಾಲಿ ಇದ್ದರೆ ಅವರ ಹೆಸರಲ್ಲಿ ಹಾಕಿ. 2025ರ ಏಪ್ರಿಲ್ 15ರ ತನಕ 2024ರ ಲೆಕ್ಕಕ್ಕೂ ಹಾಕಬಹುದು. ಈಗ ಕನ್ವರ್ಟ್ ಮಾಡಿದರೆ ಅದು ಮಾತ್ರ 2025ರ ರಿಟರ್ನ್‌ಗೆ ಬರುತ್ತದೆ.

ಡಲ್ಲಾಸ್_ಜೋಳದರೊಟ್ಟಿ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ 401(ಕೆ) ರೋಲ್‌ಓವರ್ ತಗೊಳ್ಳುತ್ತದಂತೆ. ಆದರೆ ಹಳೇ ಬ್ರೋಕರೇಜ್‌ನಿಂದ ಚೆಕ್ ನನ್ನ ಹೆಸರಿಗೆ ಬರಬಾರದು, ಪ್ಲ್ಯಾನ್ ಹೆಸರಿಗೇ ಬರಬೇಕು ಅಂದರು. ಮನೆಯವಳ ಹೆಸರಲ್ಲಿ ಐಆರ್‌ಎ ಒಂದೂ ಇರಲಿಲ್ಲ, ನಿನ್ನೆ ರಾತ್ರಿ ತೆರೆದೆವು. ‘ನನ್ನ ಪಾತ್ರೆಗೆ ನೀರು ಹಾಕಬೇಡಿ’ ಅಂದಳು. ರಿಟರ್ನ್ ಕಳಿಸಿದೆ, 1,260 ಹೋಯಿತು.