ಪದಚರ್ಚೆ: ಸಂಸತ್ತಿನ ಸೆಲೆಕ್ಟ್ ಕಮಿಟಿಗೆ ‘ಆಯ್ಕೆ ಸಮಿತಿ’ ಹೊಂದುತ್ತದೆಯೇ?

ಗೆಳೆಯರಿಗೆ ನಮಸ್ಕಾರ.

ಪದವಿ ತರಗತಿಯ ಮಕ್ಕಳಿಗಾಗಿ ಸಂಸತ್ತಿನ ಕಾರ್ಯಕಲಾಪದ ಕಿರುಪುಸ್ತಕವೊಂದು ಸಿದ್ಧವಾಗುತ್ತಿದೆ. ಅದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಉಳಿದದ್ದೆಲ್ಲ ಹೇಗೋ ಸಾಗಿತು, ಸಮಿತಿಗಳ ಅಧ್ಯಾಯಕ್ಕೆ ಬಂದು ಗಾಡಿ ನಿಂತಿದೆ. ಕರಡಿನಲ್ಲಿ ಒಂದು ಸಾಲು ಹೀಗಿದೆ: “2025ರ ಫೆಬ್ರುವರಿ 13ರಂದು ಮಂಡನೆಯಾದ ಆದಾಯ ತೆರಿಗೆ ಮಸೂದೆಯನ್ನು ಲೋಕಸಭೆಯ ಆಯ್ಕೆ ಸಮಿತಿಗೆ ಒಪ್ಪಿಸಲಾಯಿತು.” ಓದಿ ನೋಡಮ್ಮಾ ಎಂದು ಒಬ್ಬ ವಿದ್ಯಾರ್ಥಿನಿಗೆ ಕೊಟ್ಟಿದ್ದೆ. ಅವಳು ಈ ಸಾಲಿನ ಕೆಳಗೆ ಗೆರೆ ಎಳೆದು, “ಇದರಲ್ಲಿ ಯಾರನ್ನ ಆಯ್ಕೆ ಮಾಡ್ತಾರೆ ಸರ್?” ಎಂದು ಕೇಳಿದಳು.

ಕೇಳಿದ್ದು ಸರಿಯಾಗಿಯೇ ಇದೆ. ಕನ್ನಡದಲ್ಲಿ ಸ್ವಾಗತ ಸಮಿತಿ ಸ್ವಾಗತಿಸುತ್ತದೆ, ಖರೀದಿ ಸಮಿತಿ ಖರೀದಿಸುತ್ತದೆ, ಆಯ್ಕೆ ಸಮಿತಿ ಆಯ್ಕೆ ಮಾಡುತ್ತದೆ: ಕ್ರಿಕೆಟ್ ತಂಡವನ್ನೋ, ಪ್ರಶಸ್ತಿಗೆ ಪುಸ್ತಕವನ್ನೋ, ಹುದ್ದೆಗೆ ಅಭ್ಯರ್ಥಿಯನ್ನೋ. ‘ಸಮಿತಿ’ಯ ಹಿಂದೆ ಕೂರುವ ಮಾತು ಸಾಮಾನ್ಯವಾಗಿ ಅದರ ಕಸುಬನ್ನು ಹೇಳುತ್ತದೆ. ಸೆಲೆಕ್ಟ್ ಕಮಿಟಿಯ ‘ಸೆಲೆಕ್ಟ್’ ಕಸುಬಲ್ಲ, ಸದನ ತನ್ನವರಲ್ಲಿ ಕೆಲವರನ್ನು ಆರಿಸಿ ಕೂರಿಸಿದೆ ಎಂಬ ಸೂಚನೆ. ಅದು ಆಯ್ದವರ ಸಮಿತಿಯೇ ಹೊರತು ಆಯುವವರ ಸಮಿತಿಯಲ್ಲ. ‘ಆಯ್ಕೆ’ ಎಂದಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಆ ಸಮಿತಿ ಮಾಡಿದ್ದೇನೆಂದು ನೋಡಿದರೆ ಪದ ಏನನ್ನು ಹೇಳಬೇಕೆಂದು ಹೊಳೆಯಬಹುದು. ಬೈಜಯಂತ್ ಪಾಂಡಾ ಅಧ್ಯಕ್ಷರು, ಒಟ್ಟು 31 ಸದಸ್ಯರು, ಎಲ್ಲರೂ ಲೋಕಸಭೆಯವರು. 1961ರ ಕಾಯ್ದೆಯ ಜಾಗಕ್ಕೆ ಬರಲಿದ್ದ ಮಸೂದೆಯನ್ನು ಖಂಡ ಖಂಡವಾಗಿ ನೋಡಿ, ಜುಲೈ 21ರಂದು ವರದಿ ಒಪ್ಪಿಸಿದರು. ಆಗಸ್ಟ್‌ನಲ್ಲಿ ಸರ್ಕಾರ ಮೊದಲಿನ ಮಸೂದೆಯನ್ನೇ ಹಿಂದಕ್ಕೆ ಪಡೆದು, ಸಮಿತಿಯ ಶಿಫಾರಸುಗಳಲ್ಲಿ ಬಹುಪಾಲನ್ನು ಸೇರಿಸಿದ ಹೊಸ ಮಸೂದೆ ತಂದು ಅಂಗೀಕಾರ ಪಡೆಯಿತು. ವರದಿ ಕೊಟ್ಟಲ್ಲಿಗೆ ಸಮಿತಿಯ ಆಯಸ್ಸೂ ತೀರಿತು. ಅಂದರೆ ಒಂದೇ ಮಸೂದೆಗಾಗಿ ಹುಟ್ಟುವುದು, ಅದರ ಪರಿಶೀಲನೆ ಮುಗಿದೊಡನೆ ಇಲ್ಲವಾಗುವುದು. ಪದ ಈ ಎರಡರಲ್ಲಿ ಒಂದನ್ನಾದರೂ ಹೇಳಬೇಡವೇ?

ಇನ್ನೊಂದು ಕರಡಿನಲ್ಲಿ ‘ಪ್ರವರ ಸಮಿತಿ’ ಎಂದಿತ್ತು. ಇದು ಹಿಂದಿಯಿಂದ ಎತ್ತಿಕೊಂಡದ್ದು, ಅಲ್ಲಿ ಅದೇ ಅಧಿಕೃತ ಪದ. ಸಂಸ್ಕೃತದಲ್ಲಿ ‘ಪ್ರವರ’ ಎಂದರೆ ಶ್ರೇಷ್ಠ ಎಂಬ ಅರ್ಥವಿದೆ, ಒಪ್ಪಿದೆ. ಆದರೆ ನಮ್ಮಲ್ಲಿ ಪ್ರವರ ಎಂದರೆ ಗೋತ್ರದ ಜೊತೆ ಹೇಳುವುದು, ಇಲ್ಲವೇ ಯಾರೂ ಕೇಳದಿದ್ದರೂ ಒಬ್ಬ ತನ್ನ ಬಗ್ಗೆ ಊದುವುದು. “ಸಾಕು ನಿನ್ನ ಪ್ರವರ” ಎಂದು ಮನೆಯಲ್ಲಿ ಬೈಸಿಕೊಂಡು ಬೆಳೆದವರು ಪ್ರವರ ಸಮಿತಿ ಎಂದರೆ ಏನೆಂದುಕೊಂಡಾರು! ಕೆಲವು ಸಮಿತಿಗಳ ಕಲಾಪಕ್ಕೆ ಅದು ಹೊಂದಲೂಬಹುದು, ಆ ಮಾತು ಬೇರೆ.

ಇಂಗ್ಲಿಷನ್ನೇ ನೆಚ್ಚಿಕೊಂಡರೂ ದಾರಿ ತಪ್ಪುತ್ತದೆ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ 1979ರಿಂದ ಒಂದೊಂದು ಇಲಾಖೆಯ ಮೇಲೂ ಕಣ್ಣಿಡುವ ಕಾಯಂ ಸಮಿತಿಗಳಿವೆ, ಅವುಗಳಿಗೆ ಅಲ್ಲಿ ಸೆಲೆಕ್ಟ್ ಕಮಿಟಿ ಎಂದೇ ಹೆಸರು. ಮಸೂದೆಯೊಂದನ್ನು ನೋಡಿ ಚದುರಿಹೋಗುವ ಸಮಿತಿಗಳನ್ನು 2006ರವರೆಗೆ ಸ್ಟ್ಯಾಂಡಿಂಗ್ ಕಮಿಟಿ ಎನ್ನುತ್ತಿದ್ದರು, ಆಮೇಲೆ ಅವು ಪಬ್ಲಿಕ್ ಬಿಲ್ ಕಮಿಟಿಗಳಾದವು. ನಮ್ಮಲ್ಲಿ ಕಾಯಂ ಆದದ್ದು ಸ್ಟ್ಯಾಂಡಿಂಗ್ ಕಮಿಟಿ, ಅಂದರೆ ಸ್ಥಾಯಿ ಸಮಿತಿ, ಒಂದು ಮಸೂದೆಗಷ್ಟೇ ಹುಟ್ಟುವುದು ಸೆಲೆಕ್ಟ್ ಕಮಿಟಿ. ಹಾಗಾಗಿ ನಮ್ಮ ಬಳಕೆಗೆ ಇದು ತದ್ವಿರುದ್ಧ. ಲಂಡನ್ನಿನ ಸುದ್ದಿಯನ್ನು ಕನ್ನಡಕ್ಕೆ ತರುವವರು ಅಲ್ಲಿನ ಸೆಲೆಕ್ಟ್ ಕಮಿಟಿಯನ್ನು ‘ಸ್ಥಾಯಿ ಸಮಿತಿ’ ಎಂದು ಬರೆದರೇ ಓದುಗನಿಗೆ ಸರಿಯಾದ ಚಿತ್ರ ಸಿಗುವುದು. ಹಾಗಾಗಿ ಹೆಸರಿಗೆ ಹೆಸರು ಇಡುವ ಬದಲು ಕೆಲಸ ನೋಡಿ ಹೆಸರಿಡುವುದೇ ಕ್ಷೇಮ ಎಂಬುದು ನನ್ನ ಪಕ್ಷ.

‘ಸ್ಥಾಯಿ ಸಮಿತಿ’ಯ ಬಗ್ಗೆ ನನಗೆ ತಕರಾರಿಲ್ಲ. ನಗರಪಾಲಿಕೆ, ಜಿಲ್ಲಾ ಪಂಚಾಯಿತಿಗಳ ದೆಸೆಯಿಂದ ಊರೂರಿಗೂ ಗೊತ್ತಿರುವ ಮಾತು. ಒಂದು ಎಚ್ಚರ ಮಾತ್ರ ಬೇಕು: ಪಾಲಿಕೆಯ ಸ್ಥಾಯಿ ಸಮಿತಿಗೆ ತೆರಿಗೆಯ ಮೇಲ್ಮನವಿ, ಕಾಮಗಾರಿ ಎಂದು ನೇರ ವ್ಯವಹಾರವಿರುತ್ತದೆ. ಸಂಸತ್ತಿನ ಇಲಾಖಾವಾರು ಸ್ಥಾಯಿ ಸಮಿತಿ ಕೊಡುವುದು ಶಿಫಾರಸು, ಅದನ್ನು ಒಪ್ಪುವುದು ಬಿಡುವುದು ಸರ್ಕಾರಕ್ಕೆ ಬಿಟ್ಟದ್ದು. 1993ರಲ್ಲಿ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಜನ. ಮಂತ್ರಿಗಳಿಗೆ ಅಲ್ಲಿ ಜಾಗವಿಲ್ಲ. ಬಜೆಟ್ ಅಧಿವೇಶನದ ನಡುವೆ ಸದನಕ್ಕೆ ಬಿಡುವು ಕೊಟ್ಟಾಗ ಇಲಾಖೆಗಳ ಅನುದಾನ ಬೇಡಿಕೆಗಳನ್ನು ಕೂತು ನೋಡುವುದು ಇವೇ. 16ನೇ ಲೋಕಸಭೆಯಲ್ಲಿ ಹಣಕಾಸು ಸ್ಥಾಯಿ ಸಮಿತಿಗೆ ನಮ್ಮ ವೀರಪ್ಪ ಮೊಯಿಲಿಯವರು ಅಧ್ಯಕ್ಷರಾಗಿದ್ದರು. ಕೂತವರು ಬದಲಾಗುತ್ತಾರೆ, ಸಮಿತಿ ಉಳಿಯುತ್ತದೆ. ‘ಸ್ಥಾಯಿ’ ಆ ಮಟ್ಟಿಗೆ ತನ್ನ ಕೆಲಸ ಮಾಡುತ್ತದೆ.

ಸೆಲೆಕ್ಟ್ ಕಮಿಟಿಗೆ ನನ್ನ ಒಲವು ‘ಪರಿಶೀಲನಾ ಸಮಿತಿ’ಯ ಕಡೆಗೆ. ನಮ್ಮ ವಿಧಾನಮಂಡಲದ ಸುದ್ದಿಗಳಲ್ಲಿ ‘ಜಂಟಿ ಪರಿಶೀಲನಾ ಸಮಿತಿ’ ಎಂಬ ಬಳಕೆ ಇದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಸಮಿತಿಗೆ ಹೋಗಿ ಬಂದದ್ದು ನೆನಪಿರಬಹುದು. ಒಂದು ಆಕ್ಷೇಪಣೆಯನ್ನು ನಾನೇ ಎತ್ತುತ್ತೇನೆ: ಸ್ಥಾಯಿ ಸಮಿತಿಯೂ ಮಸೂದೆಗಳನ್ನು ಪರಿಶೀಲಿಸುತ್ತದಲ್ಲ? ಹೌದು. ಅದಕ್ಕೇ ಮೊದಲ ಸಲ ಬರೆಯುವಾಗ ‘ಮಸೂದೆ ಪರಿಶೀಲನಾ ಸಮಿತಿ’ ಎಂದು ಬಿಡಿಸಿ ಬರೆದು, ಮುಂದೆ ‘ಪರಿಶೀಲನಾ ಸಮಿತಿ’ ಎಂದರೆ ಸಾಕು ಅನಿಸುತ್ತದೆ. ‘ವಿಧೇಯಕ’ವೇ ಬೇಕು ಎನ್ನುವವರು ಹಾಗೆ ಬರೆದುಕೊಳ್ಳಲಿ. ಆ ಜಗಳ ಇಲ್ಲಿ ಬೇಡ.

ಇದಕ್ಕಿಂತ ದೊಡ್ಡ ತೊಡಕು ‘ಸದನ ಸಮಿತಿ’ಯದು. ಕರ್ನಾಟಕದಲ್ಲಿ ಸದನ ಸಮಿತಿ ಎಂದರೆ ಹಗರಣದ ಬೆನ್ನು ಹತ್ತುವ ಸಮಿತಿ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ, ಕೆರೆ ಒತ್ತುವರಿ ಬಗ್ಗೆ ಕೆ.ಬಿ. ಕೋಳಿವಾಡ, ನೈಸ್ ರಸ್ತೆ ಬಗ್ಗೆ ಟಿ.ಬಿ. ಜಯಚಂದ್ರ – ಇವರ ಹೆಸರಿನ ಜೊತೆಗೇ ಆ ಪದ ನಮ್ಮ ಕಿವಿಗೆ ಬಿದ್ದಿದೆ. “ಸದನ ಸಮಿತಿ ರಚಿಸಿ” ಎಂದು ವಿರೋಧ ಪಕ್ಷದವರು ಬಾವಿಗಿಳಿದರೆ ಸರ್ಕಾರಕ್ಕೆ ಇರುಸುಮುರುಸು. ಈಗ ಲೋಕಸಭೆಯ ಸಮಿತಿಗಳ ಪಟ್ಟಿ ತೆರೆಯಿರಿ. ಅಲ್ಲೂ ಹೌಸ್ ಕಮಿಟಿ ಎಂದು ಒಂದಿದೆ. ಅದರ ಕೆಲಸ ಸಂಸದರಿಗೆ ದಿಲ್ಲಿಯಲ್ಲಿ ಮನೆ ಕೊಡುವುದು: ನಾರ್ತ್ ಅವೆನ್ಯೂ, ಸೌತ್ ಅವೆನ್ಯೂಗಳ ಫ್ಲ್ಯಾಟು, ಅವುಗಳ ಸೌಕರ್ಯ ಇತ್ಯಾದಿ. ಹಿಂದಿಯವರು ಇದನ್ನು ‘ಆವಾಸ ಸಮಿತಿ’ ಎಂದು ನೀಟಾಗಿ ಮುಗಿಸಿದ್ದಾರೆ. ನಮ್ಮ ಕರಡಿನಲ್ಲಿ ಮಾತ್ರ “ಸದನ ಸಮಿತಿಯು ಸದಸ್ಯರ ವಸತಿ ವಿಚಾರವನ್ನು ನೋಡಿಕೊಳ್ಳುತ್ತದೆ” ಎಂದಿತ್ತು. ಓದಿದವರಿಗೆ ಸಂಸದರ ಮನೆಗಳಲ್ಲೇನೋ ಅವ್ಯವಹಾರ ನಡೆದಿದೆ ಅನಿಸದೆ ಇರುತ್ತದೆಯೇ! ‘ಸದಸ್ಯರ ವಸತಿ ಸಮಿತಿ’ ಎಂದು ತಿದ್ದಿದ್ದೇನೆ.

ನಾವು ಸದನ ಸಮಿತಿ ಎನ್ನುವ ಬಗೆಯದಕ್ಕೆ ದಿಲ್ಲಿಯಲ್ಲಿರುವ ಹೆಸರು ಜೆಪಿಸಿ, ಅಂದರೆ ಜಂಟಿ ಸಂಸದೀಯ ಸಮಿತಿ. 1987ರ ಬೊಫೋರ್ಸ್ ಸಮಿತಿಗೆ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ ಅಧ್ಯಕ್ಷರು. ಆಮೇಲೆ 1992ರ ಷೇರು ಹಗರಣ, 2011ರ 2ಜಿ. ಹೀಗಾಗಿ ಜೆಪಿಸಿ ಎಂದೊಡನೆ ಓದುಗನ ತಲೆಗೆ ಬರುವುದು ತನಿಖೆ. ಆದರೆ ಜಗದಂಬಿಕಾ ಪಾಲ್ ಅಧ್ಯಕ್ಷತೆಯಲ್ಲಿ ವಕ್ಫ್ ತಿದ್ದುಪಡಿ ಮಸೂದೆ ನೋಡಿದ ಸಮಿತಿಯನ್ನೂ ನಾವೆಲ್ಲ ಜೆಪಿಸಿ ಎಂದೇ ಕರೆದೆವು. ಅದು ಎರಡೂ ಸದನಗಳವರಿದ್ದ ಪರಿಶೀಲನಾ ಸಮಿತಿ, ಯಾರ ಮೇಲಿನ ತನಿಖೆಯೂ ಅಲ್ಲ. ಮಸೂದೆಗೆ ಸಂಬಂಧಿಸಿದ್ದಕ್ಕೆ ‘ಜಂಟಿ ಪರಿಶೀಲನಾ ಸಮಿತಿ’, ಹಗರಣಕ್ಕೆ ಸಂಬಂಧಿಸಿದ್ದಕ್ಕೆ ‘ಜಂಟಿ ಸಂಸದೀಯ ಸಮಿತಿ’ ಎಂದು ಪುಸ್ತಕದ ಮಟ್ಟಿಗಾದರೂ ಬೇರೆ ಮಾಡೋಣವೆಂದಿದ್ದೇನೆ. ಪತ್ರಿಕೆಯವರು ಒಪ್ಪುವುದು ಕಷ್ಟ, ತಲೆಬರಹಕ್ಕೆ ಜೆಪಿಸಿಯಷ್ಟು ಚಿಕ್ಕದು ಸಿಗುವುದಿಲ್ಲ.

ವಕ್ಫ್ ಸಮಿತಿಯ ಮಾತು ಬಂದಾಗಲೇ ಇನ್ನೊಂದನ್ನು ಕೇಳಿಬಿಡುತ್ತೇನೆ. ಸದಸ್ಯನೊಬ್ಬ ವರದಿಗೆ ಒಪ್ಪದೆ ಬರೆದು ಕೊಡುವ ಟಿಪ್ಪಣಿಗೆ ಕರಡಿನಲ್ಲಿ ‘ಭಿನ್ನಮತ ಟಿಪ್ಪಣಿ’ ಎಂದಿದೆ. ಪದ ಶುದ್ಧವೇ. ಆದರೆ ನಮ್ಮ ರಾಜಕೀಯದಲ್ಲಿ ಭಿನ್ನಮತ ಎಂದರೆ ಸ್ವಂತ ಪಕ್ಷದ ನಾಯಕನ ವಿರುದ್ಧ ಎದ್ದು ರೆಸಾರ್ಟ್ ಸೇರುವುದು. ಆ ವರದಿಯಲ್ಲಿ ತಮ್ಮ ಟಿಪ್ಪಣಿಗಳ ಭಾಗಗಳನ್ನು ಕತ್ತರಿಸಿದ್ದಾರೆ ಎಂದು ಗದ್ದಲ ಎಬ್ಬಿಸಿದವರು ವಿರೋಧ ಪಕ್ಷದವರು. ಅವರನ್ನು ಭಿನ್ನಮತೀಯರು ಎನ್ನುವುದು ಹೇಗೆ? ನನಗೆ ‘ಅಸಮ್ಮತಿ ಟಿಪ್ಪಣಿ’ ವಾಸಿ ಅನಿಸಿದೆ. ಅಂದಹಾಗೆ, ಈ ಟಿಪ್ಪಣಿ ಎಲ್ಲ ಸಮಿತಿಗಳಲ್ಲೂ ಇಲ್ಲ. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುತ್ತ ಬಂದಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ವರದಿಗೆ ಅದನ್ನು ಲಗತ್ತಿಸುವ ಪದ್ಧತಿಯಿಲ್ಲ.

ಎಸ್ಟಿಮೇಟ್ಸ್ ಕಮಿಟಿಗೆ ಕರಡಿನಲ್ಲಿದ್ದ ‘ಅಂದಾಜು ಸಮಿತಿ’ಯನ್ನು ಹಾಗೇ ಬಿಟ್ಟಿದ್ದೇನೆ. “ಅಂದಾಜಿನ ಮೇಲೆ ನಡೆಯುವ ಸಮಿತಿ” ಎಂದು ಯಾರಾದರೂ ನಕ್ಕರೆ ನಗಲಿ. ‘ಆಯವ್ಯಯ ಅಂದಾಜು’ ಬೇರೂರಿರುವಾಗ ಅದನ್ನು ಕೀಳುವುದು ವ್ಯರ್ಥ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ‘ಪರಿಶೀಲನಾ ಸಮಿತಿ’ ವಿಧಾನಸಭೆಯ ಸಚಿವಾಲಯವೇ ಬಳಸುವ ಪದವೋ, ವರದಿಗಾರರು ಕಟ್ಟಿಕೊಂಡದ್ದೋ? ನಡವಳಿಗಳನ್ನು ಕನ್ನಡದಲ್ಲಿ ಬರೆದು ಗೊತ್ತಿರುವ ನಿವೃತ್ತರು ಇಲ್ಲಿದ್ದಾರೆ, ದಯವಿಟ್ಟು ತಿಳಿಸಿ. ಇನ್ನೊಂದು, ಮೈಸೂರು ಭೂಸುಧಾರಣಾ ಮಸೂದೆ 1961ರ ಕಾಯ್ದೆಯಾಗುವ ಮುಂಚೆ ಎರಡೂ ಸದನಗಳ ಇಂಥದೇ ಜಂಟಿ ಸಮಿತಿಗೆ ಹೋಗಿತ್ತು. ಆ ಕಾಲದ ಕನ್ನಡ ಪತ್ರಿಕೆಗಳ ಕಟ್ಟು ಯಾರ ಬಳಿಯಾದರೂ ಇದ್ದರೆ, ಆಗ ಅದನ್ನು ಕನ್ನಡದಲ್ಲಿ ಏನೆಂದು ಬರೆಯುತ್ತಿದ್ದರು ಎಂದು ನೋಡಿ ಹೇಳಿ. ಒಂದು ತಲೆಬರಹ ಸಿಕ್ಕರೂ ಸಾಕು.